ಸಂಶೋಧನಾ ವಿಭಾಗ ಆಟಿಸ್ಟಿಕ್ ಸಂಶೋಧಕರಿಗೂ ಒಗ್ಗಬೇಕಾದರೆ: ಹಂತ ಹಂತದ ಮಾರ್ಗದರ್ಶಿ

ವಿಜ್ಞಾನ ವಿಭಾಗದಲ್ಲಿ ಪಿಎಚ್‌.ಡಿ. ಮಾಡುವವರ ಏಳುಬೀಳು ಪ್ರಯೋಗದ ಮೇಜಿನ ಮೇಲಷ್ಟೇ ತೀರ್ಮಾನವಾಗುವುದಿಲ್ಲ. ಪ್ರವೇಶ ಸಂದರ್ಶನದ ಕೆಲವು ನಿಮಿಷ, ಲ್ಯಾಬ್ ಮೀಟಿಂಗ್‌ನಲ್ಲಿ ಥಟ್ಟನೆ ಎದುರಾಗುವ ಪ್ರಶ್ನೆ, ಗೈಡ್ ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿ ಮುಗಿಸುವ ಸೂಚನೆ, ಸಮ್ಮೇಳನದ ಊಟದ ಸಾಲಿನಲ್ಲಿ ಆಗುವ ಪರಿಚಯ, ಇವೆಲ್ಲ ಸೇರಿ ಯಾರು ಮುಂದೆ ಹೋಗುತ್ತಾರೆ, ಯಾರು ನಡುವೆಯೇ ಬಿಟ್ಟು ಹೋಗುತ್ತಾರೆ ಎಂಬುದನ್ನು ನಿರ್ಧರಿಸುತ್ತವೆ. ಆಟಿಸಂ (ಸಂವಹನ ಮತ್ತು ಸಂವೇದನೆಗಳ ರೀತಿ ಬೇರೆಯಾಗಿರುವುದು), ಎಡಿಎಚ್‌ಡಿ (ಗಮನ ನಿಲ್ಲಿಸುವಲ್ಲಿ ತೊಡಕು), ಡಿಸ್ಲೆಕ್ಸಿಯಾ (ಓದುವಲ್ಲಿ ತೊಡಕು), ಡಿಸ್‌ಪ್ರಾಕ್ಸಿಯಾ (ಚಲನೆಗಳನ್ನು ಹೊಂದಿಸುವಲ್ಲಿ ತೊಡಕು) ಮುಂತಾದ ನರವೈವಿಧ್ಯವುಳ್ಳ, ಅಂದರೆ ಮಿದುಳು ಬಹುಪಾಲು ಜನರಿಗಿಂತ ಬೇರೆ ರೀತಿಯಲ್ಲಿ ಕೆಲಸ ಮಾಡುವ, ಸಂಶೋಧಕರು ಎಡವುವುದು ಬಹುಪಾಲು ಎಲ್ಲೂ ಬರೆದಿಡದ ಈ ಭಾಗದಲ್ಲಿಯೇ.

ಇದನ್ನು ಬದಲಿಸಲು ಹೊರಟಿರುವ ಸಂಶೋಧನಾ ವಿದ್ಯಾರ್ಥಿಗಳು, ಪೋಸ್ಟ್‌ಡಾಕ್‌ಗಳು, ಅಧ್ಯಾಪಕರು ಮತ್ತು ಅವರ ಜತೆ ನಿಲ್ಲುವ ಸಹೋದ್ಯೋಗಿಗಳಿಗಾಗಿ ಈ ಮಾರ್ಗದರ್ಶಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಏಪ್ರಿಲ್ 2ರ ಆಟಿಸಂ ಜಾಗೃತಿ ದಿನದಂದು ಒಬ್ಬ ಆಟಿಸ್ಟಿಕ್ ವಿದ್ಯಾರ್ಥಿಯನ್ನು ವೇದಿಕೆ ಹತ್ತಿಸಿ ಅನುಭವ ಹೇಳಿಸಿ ಶಾಲು ಹೊದಿಸುವುದಕ್ಕಿಂತ, ವಿಭಾಗದ ಸುತ್ತೋಲೆ, ಸಭೆಯ ಕಾರ್ಯಸೂಚಿ, ಮೌಖಿಕ ಪರೀಕ್ಷೆಯ ಕ್ರಮ ಇವುಗಳನ್ನು ತಿದ್ದುವುದು ಹೆಚ್ಚು ಫಲ ಕೊಡುತ್ತದೆ. ಮೊದಲನೆಯದರಲ್ಲಿ ಒಬ್ಬರು ತಮ್ಮ ಖಾಸಗಿ ಸಂಗತಿಯನ್ನು ಬೆಲೆಯಾಗಿ ತೆರಬೇಕಾಗುತ್ತದೆ. ಎರಡನೆಯದರಲ್ಲಿ ಯಾರೂ ಏನನ್ನೂ ಹೇಳಿಕೊಳ್ಳದೆಯೇ ಎಲ್ಲರಿಗೂ ಅನುಕೂಲವಾಗುತ್ತದೆ. ಮುಂದಿನ ಹಂತಗಳ ಕ್ರಮವನ್ನು ಈ ದೃಷ್ಟಿಯಿಂದಲೇ ಹಾಕಿದ್ದೇನೆ.

ಹಂತ 1: ಮೊದಲು ಒಂದು ಸಣ್ಣ ಗುಂಪು

ಒಬ್ಬರೇ ಹೋಗಿ ವಿಭಾಗದ ಮುಖ್ಯಸ್ಥರ ಬಾಗಿಲು ತಟ್ಟಿದರೆ ಅದು ಒಬ್ಬ ವಿದ್ಯಾರ್ಥಿಯ ದೂರಾಗಿ ದಾಖಲಾಗುತ್ತದೆ, ನಾಲ್ಕೈದು ಮಂದಿ ಸಹಿ ಹಾಕಿದರೆ ಪ್ರಸ್ತಾವವಾಗುತ್ತದೆ. ಗುಂಪಿಗೆ ಸೇರಲು ವೈದ್ಯಕೀಯ ಪ್ರಮಾಣಪತ್ರ ಕೇಳಬೇಡಿ. ದೊಡ್ಡವರಾದ ಮೇಲೆ ತಪಾಸಣೆ ಮಾಡಿಸಿಕೊಳ್ಳುವುದು ನಮ್ಮಲ್ಲಿ ಸುಲಭದ ಕೆಲಸವಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಬಾಲ್ಯದಲ್ಲಿ ಯಾರೂ ಗುರುತಿಸದೆ ಹೋಗಿರುವುದೇ ಹೆಚ್ಚು. ಕಾಯಂ ಹುದ್ದೆಯಲ್ಲಿರುವ ಒಬ್ಬ ಅಧ್ಯಾಪಕರಾದರೂ ಗುಂಪಿನಲ್ಲಿ ಇರಲಿ, ಏಕೆಂದರೆ ಫೆಲೋಶಿಪ್ ಅರ್ಜಿಗೆ ಗೈಡ್ ಸಹಿಗಾಗಿ ಕಾಯುತ್ತಿರುವವರು ಎಲ್ಲ ಮಾತನ್ನೂ ತಾವೇ ಆಡಲಾಗುವುದಿಲ್ಲ. ಗುಂಪಿನ ಮಾತುಕತೆ ಬರಹದಲ್ಲೂ ನಡೆಯುವಂತಿರಲಿ. ಸಭೆಗೆ ಬಂದು ಬಾಯಿಬಿಟ್ಟವರಷ್ಟೇ ಸದಸ್ಯರು ಎಂಬ ರೂಢಿಯನ್ನು ಇಲ್ಲಿಯೂ ತರುವುದಾದರೆ ಗುಂಪು ಕಟ್ಟಿ ಪ್ರಯೋಜನವಿಲ್ಲ.

ಹಂತ 2: ತೊಡಕು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ

ಒಬ್ಬ ಸಂಶೋಧನಾ ವಿದ್ಯಾರ್ಥಿ ಪ್ರವೇಶದಿಂದ ಪದವಿಯವರೆಗೆ ಹಾದುಹೋಗುವ ದಾರಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯವೇ ಪ್ರವೇಶ ಪರೀಕ್ಷೆ ನಡೆಸುವಾಗ ಲಿಖಿತ ಪರೀಕ್ಷೆಗೆ ಶೇ. 70, ಸಂದರ್ಶನಕ್ಕೆ ಶೇ. 30 ಪ್ರಾಮುಖ್ಯ. ಆ ಬಳಿಕ ಕೋರ್ಸ್‌ವರ್ಕ್. ಪ್ರತಿ ಸೆಮಿಸ್ಟರಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಎದುರು ಪ್ರಗತಿಯ ಮಂಡನೆ. ಪ್ರಬಂಧ ಸಲ್ಲಿಕೆಗೆ ಮುಂಚಿನ ಮಂಡನೆ. ಕೊನೆಗೆ ಬಹಿರಂಗ ಮೌಖಿಕ ಪರೀಕ್ಷೆ. ಗಮನಿಸಿ, ಇವುಗಳಲ್ಲಿ ಹೆಚ್ಚಿನವು ಅಪರಿಚಿತರ ಎದುರು ನಿಂತು, ಮುಂಚಿತವಾಗಿ ತಿಳಿಯದ ಪ್ರಶ್ನೆಗಳಿಗೆ ಕೂಡಲೇ ಬಾಯಲ್ಲಿ ಉತ್ತರಿಸುವ ಸಂದರ್ಭಗಳು. ಸಂಶೋಧನೆಯ ನಿಜವಾದ ಕೆಲಸದಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ಮರುದಿನ ಓದಿಕೊಂಡು ಬಂದು ಹೇಳಿದರೂ ನಡೆಯುತ್ತದೆ. ಪರೀಕ್ಷೆಯ ಕೋಣೆಯಲ್ಲಿ ಮಾತ್ರ ಆ ಅವಕಾಶವಿಲ್ಲ.

ಪ್ರತಿ ಘಟ್ಟದ ಎದುರು ಮೂರು ಸಂಗತಿ ಬರೆಯಿರಿ: ಇಲ್ಲಿ ಏನನ್ನು ಅಳೆಯಬೇಕಾಗಿದೆ, ನಿಜಕ್ಕೂ ಏನನ್ನು ಅಳೆಯಲಾಗುತ್ತಿದೆ, ಇವೆರಡರ ನಡುವಿನ ಅಂತರಕ್ಕೆ ಯಾವ ರೂಢಿ ಕಾರಣ. ಅನಾಮಧೇಯ ಪ್ರಶ್ನಾವಳಿ ಹಂಚುವುದಾದರೆ ಒಂದು ಎಚ್ಚರಿಕೆ ಬೇಕು. ಹದಿನೈದು ವಿದ್ಯಾರ್ಥಿಗಳಿರುವ ವಿಭಾಗದಲ್ಲಿ ಲಿಂಗ, ಸೇರಿದ ವರ್ಷ, ಲ್ಯಾಬ್ ಈ ಮೂರನ್ನು ಕೇಳಿದರೆ ಉತ್ತರಿಸಿದವರು ಯಾರೆಂದು ಯಾರಾದರೂ ಹೇಳಿಬಿಡುತ್ತಾರೆ. ಅವು ಮೂರನ್ನೂ ಕೈಬಿಡಿ. ನಿಮಗೆ ಬೇಕಾಗಿರುವುದು ಯಾರಿಗೆ ತೊಡಕಾಯಿತು ಎಂಬುದಕ್ಕಿಂತ ಎಲ್ಲಿ ಆಯಿತು ಎಂಬುದು.

ನಮ್ಮ ವಿಭಾಗಗಳಿಗೆ ವಿಶೇಷವಾದ ಎರಡು ಗೋಜಲುಗಳು ಈ ಪಟ್ಟಿಯಲ್ಲಿ ತಪ್ಪದೆ ಸೇರಬೇಕು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿ ಉತ್ತರಿಸಲು ತಡವರಿಸಿದರೆ ಇಂಗ್ಲಿಷ್ ಸಾಲದು ಎಂದೋ ಸಂಕೋಚದ ಸ್ವಭಾವ ಎಂದೋ ಎಲ್ಲರೂ ಊಹಿಸಿಕೊಳ್ಳುತ್ತಾರೆ. ಪ್ರಶ್ನೆಯನ್ನು ಅರಗಿಸಿಕೊಳ್ಳಲು ಆತನಿಗೆ ಹೆಚ್ಚು ಹೊತ್ತು ಬೇಕಾಗಿರಬಹುದು ಎಂಬ ಯೋಚನೆಯೇ ಬರುವುದಿಲ್ಲ. ಹಾಗೆಯೇ, ‘ಸರ್, ಇದನ್ನು ಏಕೆ ಹೀಗೆ ಮಾಡಬೇಕು?’ ಎಂದು ಆಟಿಸ್ಟಿಕ್ ವಿದ್ಯಾರ್ಥಿನಿಯೊಬ್ಬಳು ಕೇವಲ ತಿಳಿದುಕೊಳ್ಳಲು ಕೇಳಿದ ಪ್ರಶ್ನೆ ಎದುರುತ್ತರವಾಗಿ ಕೇಳಿಸುತ್ತದೆ. ಹಿರಿಯರ ಮುಂದೆ ಎಷ್ಟು ಮಾತಾಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಅಲಿಖಿತ ಮರ್ಯಾದೆಯ ಲೆಕ್ಕಾಚಾರ ಎಲ್ಲರಿಗೂ ತಾನಾಗಿಯೇ ಬರುತ್ತದೆ ಎಂದು ಭಾವಿಸಿರುವುದೇ ಇದರ ಮೂಲ.

ಹಂತ 3: ಪುರಾವೆಯನ್ನು ಕೈಯಲ್ಲಿಟ್ಟುಕೊಂಡು ಹೋಗಿ

ವಿಜ್ಞಾನಿಗಳ ಮುಂದೆ ಕರುಣೆಯ ಭಾಷೆ ಬೇಡ, ಸಾಹಿತ್ಯ ಸಮೀಕ್ಷೆ ಇರಲಿ. ಸ್ವತಃ ಆಟಿಸ್ಟಿಕ್ ಆಗಿರುವ ಸಂಶೋಧಕರು ಕಳೆದ ಎರಡು ದಶಕಗಳಲ್ಲಿ ಈ ಕ್ಷೇತ್ರದ ಮೂಲ ಊಹೆಗಳನ್ನೇ ಪ್ರಶ್ನಿಸಿದ್ದಾರೆ ಎಂಬುದು ನಿಮ್ಮ ವಾದಕ್ಕೆ ದೊಡ್ಡ ಬಲ.

ಕೆನಡಾದ ಮಾಂಟ್ರಿಯಲ್‌ನ ಮಿಶೆಲ್ ಡಾಸನ್ ಅವರ ಉದಾಹರಣೆಯಿಂದ ಆರಂಭಿಸಬಹುದು. ಆಟಿಸ್ಟಿಕ್ ಆಗಿರುವ ಅವರು ಆಟಿಸಂ ಸಂಶೋಧಕ ಲೋರಾಂ ಮೊಟ್ರಾನ್ ಅವರ ತಂಡವನ್ನು ಸೇರಿ, 2007ರಲ್ಲಿ ಮೊದಲ ಲೇಖಕಿಯಾಗಿ ಪ್ರಕಟಿಸಿದ ಪ್ರಬಂಧದಲ್ಲಿ, ಆಟಿಸ್ಟಿಕ್ ಮಕ್ಕಳ ಬುದ್ಧಿಮತ್ತೆಯನ್ನು ಮಾತಿನ ಮೇಲೆ ಹೆಚ್ಚು ಅವಲಂಬಿತವಾದ ವೆಕ್ಸ್ಲರ್ ಪರೀಕ್ಷೆಯಿಂದ ಅಳೆದಾಗ ಸಿಗುವ ಸ್ಥಾನಕ್ಕಿಂತ ಚಿತ್ರವಿನ್ಯಾಸದಲ್ಲಿ ಬಿಟ್ಟುಹೋದ ಭಾಗವನ್ನು ಗುರುತಿಸುವ ರೇವನ್ಸ್ ಮ್ಯಾಟ್ರಿಸಸ್ ಪರೀಕ್ಷೆಯಲ್ಲಿ ಸಿಗುವ ಸ್ಥಾನ ಸರಾಸರಿ 30 ಪರ್ಸೆಂಟೈಲ್ ಮೇಲಿರುತ್ತದೆ ಎಂದು ತೋರಿಸಿದರು. ಮಕ್ಕಳು ಅವರೇ, ಅಳತೆಗೋಲು ಬೇರೆ. ನಿಮ್ಮ ವಿಭಾಗದ ಸಂದರ್ಶನ ಯಾವ ಅಳತೆಗೋಲು ಎಂದು ಕೇಳಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು.

ಎರಡನೆಯದು ಬ್ರಿಟನ್ನಿನ ಆಟಿಸ್ಟಿಕ್ ಸಮಾಜವಿಜ್ಞಾನಿ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದ. ಆಟಿಸ್ಟಿಕ್ ವ್ಯಕ್ತಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎನ್ನುವುದು ಅರ್ಧ ಸತ್ಯ, ಇತರರಿಗೂ ಆಟಿಸ್ಟಿಕ್ ವ್ಯಕ್ತಿಯ ಮನಸ್ಸು ಅಷ್ಟೇ ಅರ್ಥವಾಗುವುದಿಲ್ಲ, ಆದ್ದರಿಂದ ತೊಡಕು ಇಬ್ಬರ ನಡುವಿನದು ಎಂಬುದು ಅವರ ನಿಲುವು. ಇದನ್ನು ಪರೀಕ್ಷಿಸಲು ಎಡಿನ್‌ಬರೋದಲ್ಲಿ ಕ್ಯಾಥರಿನ್ ಕ್ರಾಂಪ್ಟನ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಕ್ಕಳು ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟದಂತೆ ಎಂಟೆಂಟು ಮಂದಿಯ ಸರಪಳಿಯಲ್ಲಿ ಕಥೆಯೊಂದನ್ನು ದಾಟಿಸಲಾಯಿತು. ಪೂರ್ತಿ ಆಟಿಸ್ಟಿಕ್ ಸರಪಳಿಯಲ್ಲಿಯೂ ಪೂರ್ತಿ ಆಟಿಸ್ಟಿಕ್ ಅಲ್ಲದವರ ಸರಪಳಿಯಲ್ಲಿಯೂ ವಿವರಗಳು ಒಂದೇ ಮಟ್ಟದಲ್ಲಿ ಉಳಿದವು. ಮಿಶ್ರ ಸರಪಳಿಯಲ್ಲಿ ಬೇಗ ಸೋರಿಹೋದವು. ಆದರೆ ಇಲ್ಲಿಗೇ ನಿಲ್ಲಬೇಡಿ. 300ಕ್ಕೂ ಹೆಚ್ಚು ವಯಸ್ಕರೊಂದಿಗೆ ನಡೆಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿಶ್ರ ಸರಪಳಿಗಳಲ್ಲೂ ಮಾಹಿತಿ ಉಳಿದೆರಡರಷ್ಟೇ ಚೆನ್ನಾಗಿ ದಾಟಿತು. ಈ ಎರಡನೆಯ ಫಲಿತಾಂಶವನ್ನು ನೀವೇ ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಹೋದರೆ ಸಭೆಯಲ್ಲಿ ಯಾರಾದರೂ ಎತ್ತಿ ತೋರಿಸುತ್ತಾರೆ, ನಿಮ್ಮ ಉಳಿದ ಮಾತಿನ ಬೆಲೆಯೂ ಇಳಿಯುತ್ತದೆ. ಅಲ್ಲದೆ ಅದು ನಿಮಗೆ ವಿರೋಧವೂ ಅಲ್ಲ: ಕೆಲಸ ಏನೆಂದು ಸ್ಪಷ್ಟವಾಗಿ ಹೇಳಿಕೊಟ್ಟಾಗ ಇಬ್ಬರೂ ಪರಸ್ಪರ ಮಾಹಿತಿ ಹಂಚಿಕೊಳ್ಳಬಲ್ಲರು ಎಂದು ಅದನ್ನು ಓದಲು ಅವಕಾಶವಿದೆ.

ಮೂರನೆಯದು ಬಳಲಿಕೆಯ ವಿಷಯ. ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಆಟಿಸ್ಟಿಕ್ ಸಂಶೋಧಕ ಡೋರಾ ರೇಮೇಕರ್ ಮತ್ತು ತಂಡ 2020ರಲ್ಲಿ ವಿವರಿಸಿದ ಆಟಿಸ್ಟಿಕ್ ಬರ್ನ್‌ಔಟ್‌ನ ಲಕ್ಷಣಗಳು ಹೀಗಿವೆ: ಸಾಮಾನ್ಯವಾಗಿ ಮೂರು ತಿಂಗಳಿಗೂ ಮೀರಿದ ತೀವ್ರ ದಣಿವು, ಮೊದಲು ಬರುತ್ತಿದ್ದ ಕೌಶಲಗಳೇ ಕೈಕೊಡುವುದು, ಸದ್ದು ಬೆಳಕುಗಳನ್ನು ತಾಳಿಕೊಳ್ಳುವ ಶಕ್ತಿ ಕುಗ್ಗುವುದು. ಇತರರಂತೆ ಕಾಣಿಸಿಕೊಳ್ಳಲು ದಿನವಿಡೀ ಹಾಕುವ ಮುಖವಾಡವೂ ಇದರ ಕಾರಣಗಳಲ್ಲಿ ಒಂದು. ಮೂರನೆಯ ವರ್ಷದಲ್ಲಿ ಇದ್ದಕ್ಕಿದ್ದಂತೆ ಬರೆಯುವುದನ್ನೇ ನಿಲ್ಲಿಸಿದ ವಿದ್ಯಾರ್ಥಿಯನ್ನು ಸೋಮಾರಿ ಎಂದು ಹಳಿಯುವ ಮುನ್ನ ಗೈಡ್ ಈ ವಿವರಣೆಯನ್ನು ಓದಿರಬೇಕು.

ಹಂತ 4: ದಿನನಿತ್ಯದ ಬರವಣಿಗೆಯನ್ನು ತಿದ್ದಿ

ಹಣ ಬೇಡದ, ಯಾರ ಅನುಮತಿಯೂ ಬೇಡದ ಬದಲಾವಣೆ ಇದು. ಈ ಒಂದು ಹಂತವನ್ನಷ್ಟೇ ಮಾಡಿದರೂ ವಿಭಾಗದ ವಾತಾವರಣ ಬದಲಾಗುತ್ತದೆ ಎಂದು ನಾನು ನಂಬುತ್ತೇನೆ. ಗೈಡ್‌ಗಳು ವಿದ್ಯಾರ್ಥಿಗಳಿಗೆ ಕಳುಹಿಸುವ ಇಂಥ ಇಮೇಲ್‌ ಎಲ್ಲರಿಗೂ ಪರಿಚಿತ:

‘ನಿಮ್ಮ ಡ್ರಾಫ್ಟ್ ನೋಡಿದೆ. ಪರವಾಗಿಲ್ಲ, ಇನ್ನೂ ಸ್ವಲ್ಪ ಗಟ್ಟಿಯಾಗಬೇಕು. ಬಿಡುವಾದಾಗ ಬಂದು ಕಾಣಿ.’

ಬರೆದವರಿಗೆ ಇದರಲ್ಲಿ ಅಸ್ಪಷ್ಟವಾದದ್ದು ಏನೂ ಇಲ್ಲ. ಓದುವ ಆಟಿಸ್ಟಿಕ್ ವಿದ್ಯಾರ್ಥಿಗೆ ಮಾತ್ರ ಇಲ್ಲಿ ಐದು ಪ್ರಶ್ನೆಗಳಿವೆ. ‘ಪರವಾಗಿಲ್ಲ’ ಎಂದರೆ ಚೆನ್ನಾಗಿದೆಯೋ ಇಲ್ಲವೋ? ಗಟ್ಟಿಯಾಗಬೇಕಾದದ್ದು ಯಾವ ಭಾಗ? ‘ಸ್ವಲ್ಪ’ ಎಂದರೆ ಒಂದು ದಿನದ ಕೆಲಸವೋ ಒಂದು ತಿಂಗಳಿನದೋ? ಬಿಡುವಾಗಬೇಕಾದದ್ದು ಯಾರಿಗೆ? ಕಾಣಲು ಹೋದಾಗ ತಿದ್ದಿದ ಡ್ರಾಫ್ಟ್ ತೆಗೆದುಕೊಂಡು ಹೋಗಬೇಕೋ ಬರಿಗೈಯಲ್ಲಿ ಹೋಗಬೇಕೋ? ಈ ಪ್ರಶ್ನೆಗಳನ್ನು ಬಿಡಿಸುವುದರಲ್ಲೇ ವಾರ ಕಳೆದು, ಕೊನೆಗೆ ಏನೂ ಮಾಡದೆ ಕೂತ ವಿದ್ಯಾರ್ಥಿಗೆ ಆಸಕ್ತಿಯಿಲ್ಲ ಎಂಬ ಷರಾ ಬೀಳುತ್ತದೆ. ಅದೇ ಮಾತನ್ನು ಹೀಗೆ ಬರೆದು ನೋಡಿ:

‘ಮೂರನೆಯ ಅಧ್ಯಾಯದ ಡ್ರಾಫ್ಟ್ ಓದಿದೆ. ವಿಧಾನದ ಭಾಗ ಸರಿಯಾಗಿದೆ, ಅದನ್ನು ಬದಲಿಸಬೇಡಿ. ಫಲಿತಾಂಶದ ಭಾಗದಲ್ಲಿ ಎರಡು ಕೆಲಸ ಬಾಕಿ ಇವೆ: ಚಿತ್ರ 4ಕ್ಕೆ ಎರರ್ ಬಾರ್ ಹಾಕಬೇಕು; ಕಂಟ್ರೋಲ್ ಗುಂಪಿನ ಮಾದರಿಗಳ ಸಂಖ್ಯೆಯನ್ನು ಪಠ್ಯದಲ್ಲಿ ಬರೆಯಬೇಕು. ಗುರುವಾರ ಸಂಜೆ 5ರೊಳಗೆ ಕಳುಹಿಸಿ. ಶುಕ್ರವಾರ 11 ಗಂಟೆಗೆ ನನ್ನ ಕೊಠಡಿಯಲ್ಲಿ ಅರ್ಧ ಗಂಟೆ ಈ ಎರಡರ ಬಗ್ಗೆ ಮಾತ್ರ ಮಾತಾಡೋಣ. ಉಳಿದಂತೆ ಕೆಲಸ ಸರಿಯಾದ ದಾರಿಯಲ್ಲಿದೆ.’

ಇದನ್ನು ಬರೆಯಲು ಹೆಚ್ಚೆಂದರೆ ನಾಲ್ಕು ನಿಮಿಷ ಹೆಚ್ಚು ಬೇಕಾದೀತು. ಇದೇ ಮಾದರಿಯಲ್ಲಿ ಲ್ಯಾಬ್ ಮೀಟಿಂಗ್‌ನ ಕಾರ್ಯಸೂಚಿಯನ್ನು ಹಿಂದಿನ ದಿನ ಕಳುಹಿಸುವುದು, ಮೀಟಿಂಗ್ ಮುಗಿದ ಮೇಲೆ ಯಾರು ಏನನ್ನು ಯಾವಾಗ ಮಾಡಬೇಕೆಂದು ನಡಾವಳಿಯಲ್ಲಿ ದಾಖಲಿಸುವುದು, ಕಾರಿಡಾರಿನಲ್ಲಿ ಹೇಳಿದ ಸೂಚನೆಗೆ ಅದೇ ದಿನ ಒಂದು ಸಾಲಿನ ಸಂದೇಶ ಕಳುಹಿಸುವುದು, ಹೊಸಬರಿಗೆ ಕೊಡಲು ಲ್ಯಾಬಿನ ಕೈಪಿಡಿಯೊಂದನ್ನು ಬರೆದಿಡುವುದು ಇವನ್ನೂ ರೂಢಿಗೆ ತನ್ನಿ. ಕೈಪಿಡಿಯಲ್ಲಿ ಉಪಕರಣ ಬಳಸುವ ವಿಧಾನದ ಜತೆಗೆ ಇತರರು ಕೇಳಲು ನಾಚುವ ವಿಷಯಗಳೂ ಇರಬೇಕು: ರಜೆ ಯಾರನ್ನು ಕೇಳಬೇಕು, ಸಂಜೆ ಎಷ್ಟು ಗಂಟೆಗೆ ಹೊರಟರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ಗೈಡ್ ಇಮೇಲ್‌ಗೆ ಉತ್ತರಿಸದಿದ್ದರೆ ಎಷ್ಟು ದಿನ ಕಾದು ನೆನಪಿಸಬೇಕು, ಪ್ರಬಂಧದಲ್ಲಿ ಲೇಖಕರ ಹೆಸರಿನ ಕ್ರಮ ಹೇಗೆ ತೀರ್ಮಾನವಾಗುತ್ತದೆ. ಕೊನೆಯದನ್ನು ಬರೆದಿಡಲು ಕೆಲವು ಹಿರಿಯರು ಹಿಂಜರಿಯುತ್ತಾರೆ. ಹಾಗೆ ಹಿಂಜರಿಯುವ ಕಡೆ ಅದನ್ನು ಬರೆದಿಡುವ ಅಗತ್ಯ ಇನ್ನೂ ಹೆಚ್ಚು.

ಹಂತ 5: ಸಂದರ್ಶನ, ಸಲಹಾ ಸಮಿತಿ, ಮೌಖಿಕ ಪರೀಕ್ಷೆ

ಇಲ್ಲಿ ವಿಭಾಗದ ಮಟ್ಟದ ನಿರ್ಣಯ ಬೇಕು, ಆದ್ದರಿಂದ ಪ್ರಸ್ತಾವವನ್ನು ಲಿಖಿತವಾಗಿ ಕೊಟ್ಟು ಅಧ್ಯಾಪಕರ ಸಭೆಯ ಕಾರ್ಯಸೂಚಿಗೆ ಸೇರಿಸಲು ಕೇಳಿ. ಸಂದರ್ಶನಕ್ಕೆ ಬರುವ ಎಲ್ಲ ಅಭ್ಯರ್ಥಿಗಳಿಗೂ ಒಂದು ಪುಟದ ಮಾಹಿತಿ ಹೋಗಬೇಕು. ಸಂದರ್ಶನ ಯಾವ ಕೊಠಡಿಯಲ್ಲಿ, ಎಷ್ಟು ನಿಮಿಷ, ಎದುರಿಗೆ ಎಷ್ಟು ಮಂದಿ ಕೂತಿರುತ್ತಾರೆ, ಪ್ರಶ್ನೆಗಳು ಯಾವ ಯಾವ ವಿಷಯದ ಮೇಲೆ ಬರುತ್ತವೆ, ಹಲಗೆಯ ಮೇಲೆ ಬರೆದು ವಿವರಿಸಬಹುದೇ, ಪ್ರಶ್ನೆಯನ್ನು ಬರಹದಲ್ಲಿ ತೋರಿಸಲು ಕೇಳಬಹುದೇ ಎಂಬುದು ಅದರಲ್ಲಿರಲಿ. ‘ನಿಮ್ಮ ಬಗ್ಗೆ ಹೇಳಿ’ ಎಂಬ ಪ್ರಶ್ನೆಯನ್ನು ಕೈಬಿಡಿ. ಅದಕ್ಕೆ ಚೆನ್ನಾಗಿ ಉತ್ತರಿಸುವವರು ಒಳ್ಳೆಯ ಸಂಶೋಧಕರಾಗುತ್ತಾರೆ ಎನ್ನಲು ಆಧಾರವಿಲ್ಲ. ಬದಲಿಗೆ ‘ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನೀವು ಬಳಸಿದ ಒಂದು ವಿಧಾನವನ್ನು ವಿವರಿಸಿ, ಅದರ ಮಿತಿಯನ್ನು ಹೇಳಿ’ ಎಂದು ಕೇಳಬಹುದು. ಅಂಕ ಕೊಡುವ ಹಾಳೆಯಲ್ಲಿ ‘ವ್ಯಕ್ತಿತ್ವ’, ‘ಆತ್ಮವಿಶ್ವಾಸ’ ಎಂಬ ಕಲಂಗಳಿದ್ದರೆ ತೆಗೆಸಿ. ಕಣ್ಣಿಗೆ ಕಣ್ಣು ಕೊಟ್ಟು ನೋಡದವರು, ಒಂದೇ ಸ್ವರದಲ್ಲಿ ಮಾತಾಡುವವರು, ಕೈಬೆರಳನ್ನು ತಿರುವುತ್ತ ಕೂರುವವರು ಅಂಕ ಕಳೆದುಕೊಳ್ಳುವುದು ಆ ಕಲಂಗಳಲ್ಲೇ.

ಸಲಹಾ ಸಮಿತಿಯ ಸಭೆಗೆ ಎರಡು ತಿದ್ದುಪಡಿ ಸಾಕು. ಸದಸ್ಯರು ವರದಿಯನ್ನು ಮೊದಲೇ ಓದಿ ತಮ್ಮ ಮುಖ್ಯ ಪ್ರಶ್ನೆಗಳನ್ನು ಎರಡು ದಿನ ಮುಂಚೆ ಬರೆದು ಕಳುಹಿಸಲಿ. ಸಭೆಯಲ್ಲಿ ಉತ್ತರಿಸಲಾಗದ ಪ್ರಶ್ನೆಗೆ ಒಂದು ವಾರದೊಳಗೆ ಲಿಖಿತ ಉತ್ತರ ಕೊಡುವ ಅವಕಾಶ ಎಲ್ಲರಿಗೂ ಇರಲಿ.

ಅಂತಿಮ ಮೌಖಿಕ ಪರೀಕ್ಷೆ ಬಹಿರಂಗವಾಗಿ ನಡೆಯುವುದರಿಂದ ಪ್ರಶ್ನೆಗಳನ್ನು ಮೊದಲೇ ಕೊಡಲು ಬಾರದು ಎಂದು ಕೆಲವರು ವಾದಿಸಬಹುದು. ಆಗಲಿ, ಒತ್ತಾಯ ಮಾಡಬೇಡಿ. ಅದರ ಬದಲು ಕ್ರಮವನ್ನು ಊಹಿಸಬಲ್ಲಂತೆ ಮಾಡಿ: ಒಂದು ಬಾರಿಗೆ ಒಬ್ಬರು ಒಂದೇ ಪ್ರಶ್ನೆ ಕೇಳುವುದು, ಅಧ್ಯಕ್ಷತೆ ವಹಿಸಿದವರು ಅದನ್ನು ಹಲಗೆಯ ಮೇಲೆ ಬರೆಸುವುದು, ಉತ್ತರಕ್ಕೆ ಮುನ್ನ ಮೌನವಾಗಿ ಯೋಚಿಸಲು ಸಮಯವಿದೆ ಎಂದು ಆರಂಭದಲ್ಲೇ ಪ್ರಕಟಿಸುವುದು, ನಡುವೆ ಹತ್ತು ನಿಮಿಷದ ಬಿಡುವು ಕೊಡುವುದು. ಪರೀಕ್ಷೆಯ ಹಿಂದಿನ ದಿನ ಅದೇ ಸಭಾಂಗಣದಲ್ಲಿ ಮೈಕು, ಪ್ರೊಜೆಕ್ಟರ್‌ ಎಲ್ಲ ಹಾಕಿ ಒಮ್ಮೆ ಮಂಡಿಸಿ ನೋಡಲು ಬಿಡುವುದು ಬಹಳ ಸಹಾಯಕ. ಹಾಗೆಯೇ ಪರೀಕ್ಷೆ ಮುಗಿದ ಕೂಡಲೇ ಹಾರ ಹಾಕಿ, ಫೋಟೊ ತೆಗೆದು, ತಿಂಡಿಗೆ ಕೂರಿಸುವ ಸಂಭ್ರಮ ಯಾರಿಗೆ ಬೇಡವೋ ಅವರನ್ನು ಬಿಟ್ಟುಬಿಡಿ.

ಹಂತ 6: ಕೋಣೆ, ಸದ್ದು, ಬೆಳಕು

ಮಿನುಗುವ ಹಳೆಯ ಟ್ಯೂಬ್‌ಲೈಟ್ ಬದಲಿಸಿ. ಮೈನಸ್ 80 ಡಿಗ್ರಿಯ ಫ್ರೀಜರ್ ಮತ್ತು ಸೆಂಟ್ರಿಫ್ಯೂಜ್ ಬರೆಯುವ ಮೇಜುಗಳಿಂದ ದೂರವಿರಲಿ. ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡವರು ಅಹಂಕಾರಿಗಳಲ್ಲ ಎಂದು ಲ್ಯಾಬಿನಲ್ಲಿ ಒಮ್ಮೆ ಸ್ಪಷ್ಟವಾಗಿ ಹೇಳಿ. ಆದರೆ ಅಲಾರಂ ಕೇಳಿಸಲೇಬೇಕಾದ ಕೆಲಸದಲ್ಲಿ ಅದನ್ನು ಬಳಸದಂತೆ ಸುರಕ್ಷತಾ ನಿಯಮ ಬರೆದಿಡಿ. ಉಪಯೋಗಿಸದ ಒಂದು ಸಣ್ಣ ಕೊಠಡಿ ಇದ್ದರೆ ಅದನ್ನು ಮೌನದ ಕೊಠಡಿ ಮಾಡಿ, ಆಮೇಲೆ ಅದು ಉತ್ತರಪತ್ರಿಕೆಗಳ ಗೋದಾಮು ಆಗದಂತೆ ನೋಡಿಕೊಳ್ಳಿ.

ಹಂತ 7: ಹೇಳಿಕೊಳ್ಳಬೇಕೇ, ಬೇಡವೇ

ಇದು ಪೂರ್ತಿಯಾಗಿ ವೈಯಕ್ತಿಕ ನಿರ್ಧಾರ. ಗುಂಪು ಯಾರನ್ನೂ ಈ ಕಡೆಗೆ ತಳ್ಳಕೂಡದು. ಹಿಂದಿನ ಹಂತಗಳು ಎಲ್ಲರಿಗೂ ಅನ್ವಯಿಸುವುದರಿಂದ ಅನೇಕರಿಗೆ ಹೇಳಿಕೊಳ್ಳುವ ಪ್ರಮೇಯವೇ ಬಾರದೆ ಹೋಗಬಹುದು. ಅಷ್ಟರಿಂದ ಸಾಲದವರಿಗೆ ಕಾನೂನಿನ ಬೆಂಬಲವಿದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಡಿಸ್ಲೆಕ್ಸಿಯಾ, ಡಿಸ್‌ಗ್ರಾಫಿಯಾ (ಬರೆಯುವಲ್ಲಿ ತೊಡಕು), ಡಿಸ್‌ಪ್ರಾಕ್ಸಿಯಾ ಮುಂತಾದವು ನಿರ್ದಿಷ್ಟ ಕಲಿಕಾ ನ್ಯೂನತೆಯ ಅಡಿಯಲ್ಲಿ ಬರುತ್ತವೆ. ಎಡಿಎಚ್‌ಡಿಯನ್ನು ಆ ಪಟ್ಟಿಯಲ್ಲಿ ಹೆಸರಿಸಿಲ್ಲ, ಇದೊಂದು ದೊಡ್ಡ ಕೊರತೆ. ಸಂಸ್ಥೆಗೆ ಅತಿಯಾದ ಹೊರೆಯಾಗದಂತೆ, ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ ಮಾಡಿಕೊಡಬೇಕಾದ ಮಾರ್ಪಾಡನ್ನು ಕಾನೂನು ಸಮಂಜಸ ಅನುಕೂಲ ಎಂದು ಪರಿಗಣಿಸುತ್ತದೆ. ಅದನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಸೆಕ್ಷನ್ 2ರ ವ್ಯಾಖ್ಯೆ ಹೇಳುತ್ತದೆ. ಶಿಕ್ಷಣ ಸಂಸ್ಥೆಗಳಿಗೆ ಸೆಕ್ಷನ್ 16 ಮತ್ತು 17, ಉದ್ಯೋಗದಲ್ಲಿರುವವರಿಗೆ ಸೆಕ್ಷನ್ 20 ಮತ್ತು 21 ಮುಖ್ಯ. ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟುಗಳನ್ನೂ, ಸರ್ಕಾರಿ ಹುದ್ದೆಗಳಲ್ಲಿ ಶೇ. 4ನ್ನೂ ಮೀಸಲಿಡಬೇಕು, ಹುದ್ದೆಗಳ ಆ ನಾಲ್ಕರಲ್ಲಿ ಒಂದು ಭಾಗದಲ್ಲಿ ಆಟಿಸಂ, ಬೌದ್ಧಿಕ ಮತ್ತು ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮುಂತಾದವೆಲ್ಲ ಸೇರಿ ಪಾಲು ಹಂಚಿಕೊಳ್ಳಬೇಕಾಗಿದೆ.

ಮೀಸಲಾತಿಗೆ ಕನಿಷ್ಠ ಶೇ. 40 ಅಂಗವೈಕಲ್ಯವಿದೆ ಎಂಬ ಪ್ರಮಾಣಪತ್ರ ಬೇಕು. ಇದಕ್ಕೆ ಯುಡಿಐಡಿ ಎಂಬ ಅಂಗವೈಕಲ್ಯದ ಗುರುತಿನ ಕಾರ್ಡಿಗೆ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಆಟಿಸಂನ ಪ್ರಮಾಣವನ್ನು ಅಳೆಯಲು ಬಳಸುವ ಐಎಸ್‌ಎಎ ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಮುಖವಾಡ ಹಾಕಿಕೊಂಡೇ ಎಂ.ಎಸ್ಸಿ. ಮುಗಿಸಿದ ವಯಸ್ಕರಿಗೆ ಅದು ಚೆನ್ನಾಗಿ ಹೊಂದುವುದಿಲ್ಲ. ಆದರೆ ಅನುಕೂಲ ಕೇಳುವುದಕ್ಕೆ ಶೇ. 40 ಕಡ್ಡಾಯವಲ್ಲ ಎಂಬುದು ಬಹಳ ಕಚೇರಿಗಳಿಗೆ ಇನ್ನೂ ತಿಳಿದಿಲ್ಲ. ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ಇದನ್ನು ಸ್ಪಷ್ಟಪಡಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಗೆ, ಶೇ. 40 ಇಲ್ಲವೆಂಬ ಕಾರಣಕ್ಕೆ ಬರಹಗಾರರ ಸಹಾಯ ನಿರಾಕರಿಸಿದ್ದು ತಪ್ಪೆಂದಿತು. ಈ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದರೆ ‘ಪರ್ಸೆಂಟೇಜ್ ಎಷ್ಟು?’ ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ. ಅಂದಹಾಗೆ, ಯುಜಿಸಿಯ 2022ರ ನಿಯಮಾವಳಿ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಪಿಎಚ್‌.ಡಿ. ಅವಧಿಯಲ್ಲಿ ಎರಡು ವರ್ಷಗಳ ಹೆಚ್ಚುವರಿ ಸಡಿಲಿಕೆ ಕೊಡಲು ಅವಕಾಶ ಮಾಡಿದೆ.

ಅರ್ಜಿ ಬರೆಯುವಾಗ ಜೀವನ ಚರಿತ್ರೆ ಬೇಡ. ಯಾವ ಕೆಲಸ, ಅದರಲ್ಲಿ ಯಾವ ಅಡ್ಡಿ, ಯಾವ ಬದಲಾವಣೆ, ಯಾವ ದಿನಾಂಕದಿಂದ ಎಂಬ ನಾಲ್ಕು ವಿಷಯ ಸಾಕು. ‘ಗುಂಪಿನ ಚರ್ಚೆಯಲ್ಲಿ ಏಕಕಾಲಕ್ಕೆ ಕೇಳಿಬರುವ ಹಲವರ ಮಾತನ್ನು ಗ್ರಹಿಸುವುದು ನನಗೆ ಕಷ್ಟವಾಗುವುದರಿಂದ, ಮುಂದಿನ ಸೆಮಿಸ್ಟರಿನಿಂದ ಸಲಹಾ ಸಮಿತಿಯ ಸೂಚನೆಗಳನ್ನು ಲಿಖಿತವಾಗಿ ನೀಡಬೇಕೆಂದು ಕೋರುತ್ತೇನೆ’ ಎಂಬ ಒಂದೇ ವಾಕ್ಯದಲ್ಲಿ ಇವೆಲ್ಲ ಸೇರುತ್ತವೆ. ಅರ್ಜಿಯನ್ನು ಟಪಾಲಿನಲ್ಲಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮೊದಲು ಸಂಸ್ಥೆಯ ಸಮಾನ ಅವಕಾಶ ಕೋಶಕ್ಕೆ ಹೋಗಿ. ಸರ್ಕಾರಿ ಸಂಸ್ಥೆಯಲ್ಲಿ ಉದ್ಯೋಗದಲ್ಲಿರುವವರು ಸೆಕ್ಷನ್ 23ರ ಪ್ರಕಾರ ನೇಮಕವಾದ ಕುಂದುಕೊರತೆ ನಿವಾರಣಾಧಿಕಾರಿಗೆ ದೂರು ಕೊಡಬಹುದು. ದೂರು ದಾಖಲಾದ ಎರಡು ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ಅಲ್ಲೂ ಆಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ. ಆದರೆ ಗೈಡ್‌ ಜತೆಗಿನ ಸಂಬಂಧ ಇನ್ನೂ ಮೂರು ವರ್ಷ ನಡೆಯಬೇಕಾಗಿರುವಾಗ ದೂರಿನ ಹಾದಿ ಕೊನೆಯದಾಗಿರಲಿ ಎಂಬುದು ನನ್ನ ಸಲಹೆ. ಕಾನೂನಿನಲ್ಲಿ ಹಕ್ಕಿದೆ ಎಂದ ಮಾತ್ರಕ್ಕೆ ಅದರ ಪರಿಣಾಮಗಳನ್ನು ಕಾನೂನು ತಡೆದುಬಿಡುವುದಿಲ್ಲ.

ಹಂತ 8: ಸೆಮಿನಾರ್ ಮತ್ತು ಸಮ್ಮೇಳನ

ನಿಮ್ಮ ವಿಭಾಗವೇ ನಡೆಸುವ ಸಮ್ಮೇಳನದಿಂದ ಆರಂಭಿಸಿ. ಸಭಾಂಗಣದ ಮತ್ತು ದಾರಿಯ ಫೋಟೊಗಳು, ವೇಳಾಪಟ್ಟಿ, ಊಟದಲ್ಲಿ ಏನಿರುತ್ತದೆ ಎಂಬ ವಿವರ ಒಂದು ವಾರ ಮೊದಲೇ ಹೋಗಲಿ. ವೇಳಾಪಟ್ಟಿ ಬದಲಾದರೆ ಕೂಡಲೇ ತಿಳಿಸಿ. ಉದ್ಘಾಟನೆಯ ಭಾಷಣಗಳು ಎಳೆದು ಮೊದಲ ಗೋಷ್ಠಿ ಒಂದು ಗಂಟೆ ತಡವಾಗುವುದು ನಮ್ಮಲ್ಲಿ ಯಾರಿಗೂ ದೊಡ್ಡ ವಿಷಯವಲ್ಲ, ಆದರೆ ದಿನದ ಶಕ್ತಿಯನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಟ್ಟುಕೊಂಡು ಬಂದವರಿಗೆ ತಮ್ಮ ಮಂಡನೆಯ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡುವ ವ್ಯವಸ್ಥೆಯೂ ಇರಲಿ.

ಆಟಿಸ್ಟಿಕ್ ಜನರೇ ಅಮೆರಿಕದಲ್ಲಿ ನಡೆಸುತ್ತಿದ್ದ ಆಟ್ರೀಟ್ ಶಿಬಿರಗಳಲ್ಲಿ ರೂಪುಗೊಂಡ ಬಣ್ಣದ ಬ್ಯಾಡ್ಜ್‌ಗಳನ್ನೂ ಪರಿಚಯಿಸಬಹುದು. ಹಸಿರು ತೋರಿಸಿದವರನ್ನು ಯಾರು ಬೇಕಾದರೂ ಮಾತಾಡಿಸಬಹುದು, ಹಳದಿ ಇದ್ದರೆ ಪರಿಚಯದವರು ಮಾತ್ರ, ಕೆಂಪು ಇದ್ದರೆ ಅವರಾಗಿ ಮಾತಾಡಿಸುವವರೆಗೆ ಸುಮ್ಮನಿರಬೇಕು. ಇದನ್ನು ಎಲ್ಲ ಪ್ರತಿನಿಧಿಗಳಿಗೂ ಹಂಚಿದರೆ ಮಾತ್ರ ಅರ್ಥ. ಕೆಲವರಿಗಷ್ಟೇ ಕೊಟ್ಟರೆ ಅದು ಗುರುತುಪಟ್ಟಿಯಾಗುತ್ತದೆ.

ಹಂತ 9: ಆಟಿಸಂ ಕುರಿತೇ ಸಂಶೋಧನೆ ನಡೆಯುವ ಕಡೆ

ನಿಮ್ಮ ಸಂಸ್ಥೆಯಲ್ಲಿ ಮನೋವಿಜ್ಞಾನ, ತಳಿವಿಜ್ಞಾನ, ವಿಶೇಷ ಶಿಕ್ಷಣ ಅಥವಾ ವಾಕ್ ಶ್ರವಣ ವಿಭಾಗವಿದ್ದರೆ ಇನ್ನೊಂದು ಬೇಡಿಕೆ ಸೇರುತ್ತದೆ: ಯಾರ ಮೇಲೆ ಅಧ್ಯಯನ ನಡೆಯುತ್ತದೆಯೋ ಅವರು ಪ್ರಶ್ನೆ ರೂಪಿಸುವ ಹಂತದಲ್ಲೇ ಜತೆಗಿರಬೇಕು. ರೇಮೇಕರ್ ಮತ್ತು ಕ್ರಿಸ್ಟಿನಾ ನಿಕೊಲೈಡಿಸ್ 2006ರಲ್ಲಿ ಆರಂಭಿಸಿದ ಆಸ್ಪೈರ್ ಎಂಬ ಸಹಭಾಗಿ ಸಂಶೋಧನಾ ತಂಡ ಇದನ್ನು ಮಾಡಿ ತೋರಿಸಿದೆ, 2019ರಲ್ಲಿ ತನ್ನ ಕಾರ್ಯವಿಧಾನವನ್ನು ಮಾರ್ಗಸೂಚಿಯಾಗಿ ಪ್ರಕಟಿಸಿದೆ.

ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಸ್ಪೆಕ್ಟ್ರಮ್ 10ಕೆ ಉದಾಹರಣೆ. 10,000 ಆಟಿಸ್ಟಿಕ್ ಜನರ ಡಿಎನ್ಎ ಮತ್ತು ಆರೋಗ್ಯ ಮಾಹಿತಿ ಸಂಗ್ರಹಿಸಲು ಕೇಂಬ್ರಿಜ್‌ನ ನೇತೃತ್ವದಲ್ಲಿ 2021ರ ಆಗಸ್ಟ್‌ನಲ್ಲಿ ಆರಂಭವಾದ ಈ ಯೋಜನೆಯನ್ನು, ದತ್ತಾಂಶ ಮುಂದೆ ಯಾವುದಕ್ಕೆ ಬಳಕೆಯಾಗುತ್ತದೆ ಎಂದು ಆಟಿಸ್ಟಿಕ್ ಸಮುದಾಯ ತೀವ್ರವಾಗಿ ಪ್ರಶ್ನಿಸಿದ್ದರಿಂದ, ಮರು ತಿಂಗಳೇ ತಡೆಹಿಡಿಯಬೇಕಾಯಿತು. ಎಲ್ಲ ಅನುಮೋದನೆಗಳನ್ನೂ ಪಡೆದು ಹೊರಟ ದೊಡ್ಡ ಯೋಜನೆ ವಾರಗಳಲ್ಲಿ ನಿಂತಿತು. ನೈತಿಕತಾ ಸಮಿತಿಯ ಮುಂದೆ ಈ ಒಂದು ಪ್ರಸಂಗವನ್ನು ವಿವರಿಸಿ, ಸಮಿತಿಯಲ್ಲಿ ಒಬ್ಬ ಆಟಿಸ್ಟಿಕ್ ಸದಸ್ಯರಿಗೆ ಸ್ಥಾನ ಕೇಳಿ. ಸಹಸಂಶೋಧಕರಾಗಿ ದುಡಿದವರಿಗೆ ಸಂಭಾವನೆಯನ್ನು ಪ್ರಾಜೆಕ್ಟಿನ ಬಜೆಟ್ಟಿನಲ್ಲೇ ತೋರಿಸಬೇಕು, ಲೇಖಕರ ಪಟ್ಟಿಯಲ್ಲಿ ಅವರ ಹೆಸರು ಬರಬೇಕು. ಕೃತಜ್ಞತೆಯ ಸಾಲಿನಲ್ಲಿ ‘ಸಹಕರಿಸಿದ ಎಲ್ಲರಿಗೂ’ ಎಂದು ಮುಗಿಸಿದರೆ ಸಾಲದು.

ಹಂತ 10: ಈ ಕೆಲಸಕ್ಕೂ ಲೆಕ್ಕವಿರಲಿ

ವಿಭಾಗವನ್ನು ತಿದ್ದಲು ಹೊರಟ ಆಟಿಸ್ಟಿಕ್ ಸಂಶೋಧಕರ ಸ್ವಂತ ಪ್ರಬಂಧ ಹಿಂದೆ ಬೀಳುವುದು ಈ ಎಲ್ಲ ಪ್ರಯತ್ನಗಳ ದೊಡ್ಡ ಅಪಾಯ. ವಿಷಯ ತಿಳಿದವರು ಇವರೇ ಎಂದು ಪ್ರತಿಯೊಂದು ಸಮಿತಿಗೂ, ಪ್ರತಿಯೊಂದು ಕಾರ್ಯಾಗಾರಕ್ಕೂ ಅದೇ ಒಬ್ಬರನ್ನು ಕರೆಯುತ್ತಾರೆ, ಹೊಸ ವಿದ್ಯಾರ್ಥಿಗಳ ಅಳಲನ್ನು ಕೇಳುವವರೂ ಅವರೇ ಆಗುತ್ತಾರೆ. ಆದ್ದರಿಂದ ಮೊದಲ ದಿನವೇ ಕೆಲವು ನಿಯಮ ಹಾಕಿಕೊಳ್ಳಿ. ಸಂಚಾಲಕರ ಜವಾಬ್ದಾರಿ ಆರು ತಿಂಗಳಿಗೊಮ್ಮೆ ಕೈ ಬದಲಾಗಲಿ. ಅಧ್ಯಾಪಕರಾದವರಿಗೆ ಈ ಕೆಲಸ ವಿಭಾಗದ ಆಡಳಿತಾತ್ಮಕ ಹೊಣೆಗಳ ಪಟ್ಟಿಯಲ್ಲಿ ಲಿಖಿತವಾಗಿ ಸೇರಲಿ, ಆಗ ಮಾತ್ರ ಬೇರೊಂದು ಹೊಣೆಯಿಂದ ಬಿಡುಗಡೆ ಕೇಳಲು ಸಾಧ್ಯ. ತರಬೇತಿ ಕಾರ್ಯಾಗಾರ ನಡೆಸಿಕೊಡುವ ಆಟಿಸ್ಟಿಕ್ ಸಂಶೋಧಕರಿಗೆ ಇತರ ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಗೌರವಧನ ಕೊಡಿಸಿ.

ಬದಲಾವಣೆ ಆಗಿದೆಯೇ ಎಂದು ತಿಳಿಯಲು ಸಂತೃಪ್ತಿಯ ಸಮೀಕ್ಷೆ ನಂಬಲರ್ಹವಲ್ಲ, ಗೈಡ್ ಓದುತ್ತಾರೆಂಬ ಭಯದಲ್ಲಿ ಎಲ್ಲರೂ ಚೆನ್ನಾಗಿದೆ ಎಂದೇ ಬರೆಯುತ್ತಾರೆ. ಅದರ ಬದಲು ವಿಭಾಗದ ಕಡತಗಳನ್ನೇ ನೋಡಿ: ಎಷ್ಟು ಸಭೆಗಳಿಗೆ ಕಾರ್ಯಸೂಚಿ ಮುಂಚಿತವಾಗಿ ಹೋಗಿದೆ, ಸಲಹಾ ಸಮಿತಿಯ ಎಷ್ಟು ವರದಿಗಳಲ್ಲಿ ಲಿಖಿತ ಪ್ರಶ್ನೆಗಳಿವೆ, ಅನುಕೂಲ ಕೋರಿದ ಅರ್ಜಿಗಳಿಗೆ ಉತ್ತರ ಬರಲು ಎಷ್ಟು ದಿನ ಹಿಡಿದಿದೆ, ನಡುವೆ ಬಿಟ್ಟು ಹೋದವರು ಯಾವ ಘಟ್ಟದಲ್ಲಿ ಬಿಟ್ಟಿದ್ದಾರೆ. ಈ ನಾಲ್ಕರ ಲೆಕ್ಕವನ್ನು ಸೆಮಿಸ್ಟರಿಗೊಮ್ಮೆ ಅಧ್ಯಾಪಕರ ಸಭೆಯ ಮುಂದಿಡಿ.

ಪಿಎಚ್‌.ಡಿ. ಮುಗಿಸಿದವರು ಹೊರಟುಹೋಗುತ್ತಾರೆ, ವಿಭಾಗದ ಮುಖ್ಯಸ್ಥರೂ ಸರದಿಯ ಮೇಲೆ ಬದಲಾಗುತ್ತಾರೆ. ಹಾಗಾಗಿ ಅಂಗೀಕಾರವಾದ ನಿರ್ಣಯಗಳು, ಸಂದರ್ಶನದ ಮಾಹಿತಿ ಪುಟ, ಅಂಕ ಹಾಳೆಯ ತಿದ್ದಿದ ನಮೂನೆ, ಲ್ಯಾಬ್ ಕೈಪಿಡಿ, ಕಾನೂನಿನ ಸಂಬಂಧಪಟ್ಟ ಸೆಕ್ಷನ್‌ಗಳ ಮತ್ತು ತೀರ್ಪಿನ ಪ್ರತಿ ಇವುಗಳನ್ನು ಒಂದು ಕಡತದಲ್ಲಿ ಸೇರಿಸಿ, ಒಂದು ಪ್ರತಿಯನ್ನು ವಿಭಾಗದ ಕಚೇರಿಯಲ್ಲೂ ಇನ್ನೊಂದನ್ನು ಕುಲಸಚಿವರ ಕಚೇರಿಯಲ್ಲೂ ಇರಿಸಿ. ವ್ಯಕ್ತಿಗಳ ಹೆಸರಿರುವ ಅರ್ಜಿಗಳು ಮತ್ತು ವೈದ್ಯಕೀಯ ದಾಖಲೆಗಳು ಆ ಕಡತಕ್ಕೆ ಸೇರಬಾರದು. ಅವು ಸಮಾನ ಅವಕಾಶ ಕೋಶದ ಬೀಗ ಹಾಕಿದ ಕಪಾಟಿನಲ್ಲಿರಲಿ, ಸಂಬಂಧಪಟ್ಟವರು ಸಂಸ್ಥೆ ಬಿಡುವಾಗ ಕೇಳಿದರೆ ಹಿಂದಿರುಗಿಸುವ ವ್ಯವಸ್ಥೆಯೂ ಇರಲಿ.